ಹೃದಯದ ಒಂದು ಚೂರು

ನದೀದಂಡೆಯ ಮೇಲಿದ್ದ ಆ ಹಳೆಯ ಪ್ರಯೋಗಾಲಯ ಈಗಿಲ್ಲ. ಅಲ್ಲಿ ಕಲಿತ ಉಮಾಪತಿ ಈಗ ತಾನೇ ಮೇಷ್ಟ್ರು. ಗುರು ಅಂಬುಜಾಕ್ಷಿಯವರ ಮಾತು ಬಂದಾಗಲೆಲ್ಲ ಅವನು ನೆನೆಯುವುದು ಇದೊಂದನ್ನೇ.

ಅವರ ತೊಟ್ಟಿಯಲ್ಲಿ ಒಂದು ದೈತ್ಯ ಸಲಮಾಂಡರ್ ಇತ್ತು. ಕಪ್ಪೆಯ ದೂರದ ನೆಂಟ, ನೋಡಲು ಭಾರಿ ಹಲ್ಲಿಯ ಹಾಗೆ. ಹೊರದೇಶದಿಂದ ಬಂದಾಗ ಗೇಣುದ್ದವಿದ್ದದ್ದು ಎಂಟು ವರ್ಷದ ಮಗುವಿನಷ್ಟು ಬೆಳೆದಿತ್ತು. ಇಪ್ಪತ್ತೆರಡು ವರ್ಷ ಅಂಬುಜಾಕ್ಷಿ ಕೈಯಾರೆ ಅದಕ್ಕೆ ಮೀನು ತಿನ್ನಿಸಿದ್ದರು. ಅವರು ನಡೆದು ಬಂದರೆ ಸಾಕು, ನೀರಿನಿಂದ ತಲೆಯೆತ್ತುತ್ತಿತ್ತು.

ಒಂದು ಬೆಳಿಗ್ಗೆ ಎತ್ತಲಿಲ್ಲ.

ಅವರೇ ಅದನ್ನು ಕೊಯ್ದರು. ಚರ್ಮ, ಯಕೃತ್ತು, ಮೂತ್ರಪಿಂಡ, ಸ್ನಾಯು, ಹೃದಯ, ಐದರ ತುಣುಕುಗಳನ್ನೂ ಶಿಷ್ಯನಿಗೆ ಕೊಟ್ಟರು. ಇವೆಲ್ಲ ಒಂದೇ ಮೊಟ್ಟೆಯಿಂದ ಬೆಳೆದವು, ಆದರೂ ಕೆಲಸ ಬೇರೆ ಬೇರೆ. ಯಾವುದರಲ್ಲಿ ಯಾವ ಪ್ರೋಟೀನು ಎಷ್ಟಿದೆಯೆಂದು ಹೋಲಿಸಿ ನೋಡು, ಒಂದೊಂದು ಅಂಗವೂ ತನ್ನ ಕೆಲಸವನ್ನು ಹೇಗೆ ನಡೆಸಿತೆಂದು ತಿಳಿಯುತ್ತದೆ ಎಂದರು. ಆಮೇಲೆ ಬಹಳ ಹೊತ್ತು ಕೈ ತೊಳೆಯುತ್ತ ನಿಂತರು.

ಉಮಾಪತಿ ಹನ್ನೊಂದು ತಿಂಗಳು ದುಡಿದ. ಪ್ರೋಟೀನುಗಳ ಪಟ್ಟಿ ಸಿದ್ಧವಾಯಿತು. ನೋಡಿದವರೆಲ್ಲ ಮೆಚ್ಚಿದರು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಂತೆ ಅವನಿಗೆ ಮಾತ್ರ ಅನ್ನ ಸೇರದಾಯಿತು.

ಕಡೆಗೆ ಗುರುವಿನ ಮುಂದೆ ನಿಂತ. ಮೊದಲ ವಾರವೇ, ತುಣುಕುಗಳನ್ನು ಹಾಕಿಟ್ಟಿದ್ದ ಎರಡು ಕೊಳವೆಗಳ ಮೇಲಿನ ಹೆಸರು ಐಸಿನ ನೀರಿಗೆ ಅಳಿಸಿಹೋಗಿತ್ತು. ಯಾವುದು ಸ್ನಾಯು, ಯಾವುದು ಹೃದಯ ಎಂದು ತಾನು ಅಂದಾಜಿನ ಮೇಲೆ ಬರೆದೆ ಎಂದು ಒಪ್ಪಿಕೊಂಡ. ಬಂದ ಫಲಿತಾಂಶ ನೋಡಿದರೆ ಅಂದಾಜು ಸರಿಯೆನಿಸುತ್ತದೆ ಎಂದೂ ಸೇರಿಸಿದ.

"ಅದರ ಹೃದಯದಲ್ಲಿ ಏನಿದೆ ಅಂತ ತಿಳಿಯೋಕೇ ತಾನೆ ನಾವು ಹೊರಟಿದ್ದು?" ಎಂದರು ಅಂಬುಜಾಕ್ಷಿ.



ಅವರು ಬೈಯಲಿಲ್ಲ. ಎದ್ದು ಹೋಗಿ ಶೀತಲ ಪೆಟ್ಟಿಗೆಯ ತಳದಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. ಮೇಲೆ ಅವರದೇ ಅಕ್ಷರ: ಹೃದಯ. ಒಳಗಿದ್ದದ್ದು ಹೆಬ್ಬೆರಳ ಉಗುರಿನಷ್ಟು ಚೂರು.

"ಇದನ್ನ ನನಗೇ ಅಂತ ಇಟ್ಟುಕೊಂಡಿದ್ದೆ. ನಿವೃತ್ತಿಯ ದಿನ ನದಿಗೆ ಬಿಡೋಣ ಅಂತ."

ಉಮಾಪತಿ ಬೇಡವೆಂದ. ಅವರು ಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಮೂರು ಸಲ ಪರೀಕ್ಷಿಸಬೇಕಿತ್ತು. ಮೂರನೆಯ ಸಲಕ್ಕೆ ಪೊಟ್ಟಣ ಬರಿದಾಯಿತು.

ಸಂಜೆ ಅವರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಉಮಾಪತಿ ಕಾಗದ ಹಿಡಿದು ಬಂದ. ಮುಖ ಬಾಡಿತ್ತು.

"ನನ್ನ ಅಂದಾಜು ಸರಿಯಾಗೇ ಇತ್ತು, ಮೇಡಂ. ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನಿಮ್ಮ ಹತ್ತಿರ ಉಳಿದಿದ್ದ ಅಷ್ಟನ್ನೂ ಸುಮ್ಮನೆ ಕಳೆದುಬಿಟ್ಟೆ."

ಅಂಬುಜಾಕ್ಷಿ ಅವನನ್ನು ಪಕ್ಕದ ಮೆಟ್ಟಿಲಲ್ಲಿ ಕೂರಿಸಿಕೊಂಡರು.

"ನಿನ್ನೆಯವರೆಗೆ ಅದು ಸರಿಯಾಗಿತ್ತು ಅಷ್ಟೇ, ಉಮಾಪತಿ. ಇವತ್ತು ನಿನಗೆ ಗೊತ್ತು."