ಉಸಿರಿನ ಜಾಗ

"ಮಾಸ್ತರ, ಒಂದು ಕೀ ಒತ್ತಿದ್ರ ನಾಲ್ಕು ಸ್ವರ ಕೂಡೇ ಬರ್ತಾವ. ಒಂದೂ ತಪ್ಪು ಬೀಳಂಗಿಲ್ಲ. ಇದರಾಗ ತಪ್ಪೇನದ, ನೀವ ಹೇಳ್ರಿ" ಎಂದು ಫಕೀರೇಶ ಕೇಳಿದ.

ಅವನ ಮುಂದೆ ಲ್ಯಾಪ್‌ಟಾಪ್ ಇತ್ತು, ಅದಕ್ಕೆ ಪೇಟಿಯಂಥ ಕೀಗಳಿರುವ ಪುಟ್ಟದೊಂದು ಮಿಡಿ ಕೀಬೋರ್ಡ್ ಜೋಡಿಸಿತ್ತು. ಒಂದು ಸ್ವರ ಕೊಟ್ಟರೆ ಲ್ಯಾಪ್‌ಟಾಪಿನೊಳಗಿನ ಪ್ಲಗಿನ್ ಎಂಬ ತಂತ್ರಾಂಶ ಅದಕ್ಕೆ ಹೊಂದುವ ಇನ್ನು ಮೂರನ್ನು ತಾನೇ ಕೂಡಿಸುತ್ತಿತ್ತು. ಹಿಂದಿನ ದಿನ ಮಠದಲ್ಲಿ ತಂಗಿ ನೀಲಾಂಬಿಕಾ ತತ್ವಪದ ಹಾಡಿದಾಗ ಅವನು ಇದನ್ನೇ ನುಡಿಸಿದ್ದ. ಜನ ತಲೆದೂಗಿದ್ದರು. ಗುರು ಗುರುಪಾದಯ್ಯ ಮಾಸ್ತರರು ಮಾತ್ರ ಎದ್ದು ಹೋಗಿದ್ದರು. ಅಷ್ಟು ಹೊಗಳಿಕೆಯ ನಡುವೆ ಅದೊಂದು ಅವನನ್ನು ಚುಚ್ಚುತ್ತಿತ್ತು.

ಮಾಸ್ತರರು ಕೀಬೋರ್ಡನ್ನು ನೋಡಿದರು, ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ಪೇಟಿಯವನಿದ್ದ. ಹೆಂಡತಿ ಹಾಡುತ್ತಿದ್ದಳು, ಇವನು ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ. ನುಡಿಸುತ್ತಿದ್ದ ಎನ್ನುವುದೂ ದೊಡ್ಡ ಮಾತೇ. ಅವಳು ಹಾಡುವಷ್ಟು ಹೊತ್ತು ಒಂದೇ ಬೆರಳಿನಲ್ಲಿ ಒಂದೇ ಸ್ವರ ಹಿಡಿದು ಕುಳಿತಿರುತ್ತಿದ್ದ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಆ ಜಾಗವನ್ನಷ್ಟೇ ನಾಲ್ಕು ಸ್ವರ ಹಾಕಿ ತುಂಬುತ್ತಿದ್ದ. ಆ ಜಾಗ ತಪ್ಪಬಾರದು, ಅಷ್ಟೇ ಅವನ ಕೆಲಸ. ಇದೇನು ಮಹಾ ವಿದ್ಯೆ ಎಂದು ನೋಡಿದವರಿಗೆ ಅನ್ನಿಸುತ್ತಿತ್ತು. ಆಗೀಗ ಅವನಿಗೂ ಹಾಗೆಯೇ ಅನ್ನಿಸುತ್ತಿತ್ತು.

ಆದರೆ ಇಪ್ಪತ್ತು ವರ್ಷ ಹೀಗೆ ಕಾದು ಕುಳಿತವನಿಗೆ ಹೆಂಡತಿಯ ಉಸಿರು ಬಾಯಿಪಾಠವಾಗಿತ್ತು. ಯಾವ ಸಾಲಿನಲ್ಲಿ ಎಷ್ಟನೆಯ ಮಾತಿಗೆ ನಿಲ್ಲುತ್ತಾಳೆಂದು ಅವನು ಬಲ್ಲ. ಒಂದು ಮಾತು ಮೊದಲೇ ನಿಂತಳೆಂದರೆ ಮನೆಗೆ ಬಂದವನೇ, "ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಿದ್ದ. ಹಣೆ ಮುಟ್ಟಿದರೆ ಜ್ವರ ಇರುತ್ತಿತ್ತು. ಮಗಳು ಹೊಟ್ಟೆಯಲ್ಲಿರುವ ಸಂಗತಿ ಅತ್ತೆಗೆ ತಿಳಿಯುವ ಮೊದಲೇ ಪೇಟಿಗೆ ತಿಳಿದಿತ್ತು. ಓಣಿಯ ಹೆಂಗಸರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಅವಳೂ ನಾಚಿಕೊಂಡು ನಗುತ್ತಿದ್ದಳು.

ಆಮೇಲೆ ಇಂಥದೇ ಯಂತ್ರ ಬಂತು. ಒಂದು ಬೆರಳು ಇಟ್ಟರೆ ಸಾಕು, ಸಭೆಯೆಲ್ಲ ತುಂಬುವಷ್ಟು ನಾದ. ಪೇಟಿಯವನಿಗೆ ಸ್ವರ್ಗ ಮೂರೇ ಗೇಣು. ಪೇಟಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದ. ಇಷ್ಟು ವರ್ಷ ಅವನ ಕಡೆ ತಿರುಗಿಯೂ ನೋಡದ ಜನ ಈಗ ಅವನ ಬೆರಳನ್ನೇ ನೋಡುತ್ತಿದ್ದರು. ಅವನು ಪರದೆಯನ್ನು ನೋಡುತ್ತಿದ್ದ. ಯಂತ್ರ ಪ್ರತಿ ಸಭೆಯ ಹಾಡನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತಿತ್ತು, ಅದೂ ಅವನಿಗೆ ಹೆಮ್ಮೆಯೇ. ನಾದ ಎಲ್ಲೂ ಕಡಿಯುತ್ತಿರಲಿಲ್ಲ. ಆದ್ದರಿಂದ ತುಂಬುವುದಕ್ಕೆ ಜಾಗ ಉಳಿಯಲಿಲ್ಲ, ಕಾಯುವ ಕೆಲಸವೂ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಹಾಡು ಮುಗಿಸಿ ಬಂದ ಹೆಂಡತಿ ಕೇಳಿದಳು: "ಇವತ್ತ ನಡುವ ಉಸಿರು ಸಾಲಲಿಲ್ಲರಿ. ನಿಮಗ ಗೊತ್ತಾಗ್ಲಿಲ್ಲೇನು?"

"ಏನೂ ಗೊತ್ತಾಗಂಗಿಲ್ಲ ಬಿಡು. ಎಲ್ಲಾ ತುಂಬ್ಕೊಂಡು ಕೇಳಸ್ತದ" ಎಂದ ಅವನು. ಧೈರ್ಯ ಹೇಳಿದೆ ಎಂದುಕೊಂಡ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಗಂಡನಿಗೆ ಕೇಳಿಸದ್ದು ರೋಗವಿರಲಾರದು ಎಂದು ನಂಬಿದಳು. ಆ ನಂಬಿಕೆಯನ್ನು ಇಪ್ಪತ್ತು ವರ್ಷ ಬೆಳೆಸಿದವನು ಅವನೇ.

ಯಂತ್ರ ಬಂದು ಎಂಟು ತಿಂಗಳು ಕಳೆದವು. ಅವಳು ಮಠದ ಮೆಟ್ಟಿಲು ಹತ್ತುತ್ತ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, "ಉಸಿರು ಕಡಿಮಿ ಆಗಾಕ ಹತ್ತಿ ಎಷ್ಟು ದಿನ ಆತು?" ಎಂದು ಕೇಳಿದರು.

ಅವಳಿಗೆ ಮಾತಾಡುವುದೇ ಕಷ್ಟವಾಗಿತ್ತು. ಗಂಡನ ಕಡೆ ಕೈ ತೋರಿಸಿದಳು. "ಅವರನ್ನ ಕೇಳ್ರಿ. ನನ್ನ ಉಸಿರು ನನಗಿಂತ ಅವರಿಗೇ ಚೊಲೋ ಗೊತ್ತದ."

ಡಾಕ್ಟರು ಪೆನ್ನು ಹಿಡಿದು ಕಾದರು. ಪೇಟಿಯವನು ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟ. ಮೊದಲೇ ಕರೆತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದರು. ಒಂದು ವಾರಕ್ಕೆ ಅವಳು ಹೋದಳು.

ಬಂದ ನೆಂಟರು ಹೊರಟ ಮೇಲೆ ಅವನು ಯಂತ್ರ ತೆರೆದ. ಎಂಟು ತಿಂಗಳ ಹಾಡೆಲ್ಲ ಅದರಲ್ಲಿತ್ತು, ಅವಳ ಧ್ವನಿ ಬೇರೆ, ಅವನ ನಾದ ಬೇರೆ. ತನ್ನದನ್ನು ಬಂದ್ ಮಾಡಿದ. ಅವಳೊಬ್ಬಳೇ ಉಳಿದಳು. ಪ್ರತಿ ಸಭೆಯಲ್ಲೂ ಹಾಡುತ್ತಿದ್ದ ಒಂದೇ ಪದ, ಅದರ ಮೊದಲ ಸಾಲು. ಮೊದಲ ತಿಂಗಳು ಆರನೆಯ ಮಾತಿಗೆ ಉಸಿರು ತೆಗೆದುಕೊಂಡಿದ್ದಳು. ಮೂರನೆಯ ತಿಂಗಳು ನಾಲ್ಕನೆಯ ಮಾತಿಗೆ. ಆಮೇಲೆ ಎರಡನೆಯದಕ್ಕೆ. ಕೊನೆಯ ಸಭೆಯಲ್ಲಿ ಹಾಡು ಶುರುವಾಗುವ ಮೊದಲೇ ಏದುಸಿರು ಬಿಡುತ್ತಿದ್ದಳು. ಕಿವಿ ಇದ್ದವನು ಯಾರಾದರೂ ಹೇಳಬಹುದಿತ್ತು. ಪಾಪಿ, ಅವಳ ಪಕ್ಕದಲ್ಲಿ ಒಂದೇ ಮೊಳ ದೂರದಲ್ಲಿ ಕುಳಿತಿದ್ದ.

ಮಾಸ್ತರರು ಕತೆ ನಿಲ್ಲಿಸಿದರು. ಫಕೀರೇಶ ಕೇಳಿದ: "ಅಂದ್ರ ತಪ್ಪು ಯಂತ್ರದ್ದೇ ಆತಲ್ಲರಿ, ಮಾಸ್ತರ?"

"ಯಂತ್ರ ಆಕಿ ಉಸಿರು ಒಂದೂ ಬಿಡಲಾರದ ಇಟ್ಕೊಂಡಿತ್ತೋ ತಮ್ಮಾ, ನೀ ಹೇಳು, ನಿನ್ನೆ ಮೊದಲನೇ ಸಾಲಿನಾಗ ನೀಲಾಂಬಿಕಾ ಎಲ್ಲಿ ಉಸಿರು ತಗೊಂಡ್ಳು?"