ಕನಕಾಂಗಿಯ ಪಿಟೀಲು

ಮಲಗಿಕೋ ಮಗ, ಕಣ್ಣು ಮುಚ್ಕೊಂಡೇ ಹೂಂಗುಡು. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಬಾಯ್ತುಂಬ ಹಲ್ಲಿದ್ದ ಕಾಲದಲ್ಲಿ, ಕನಕಾಂಗಿ ಅಂತ ಒಬ್ಬಳು ಹುಡುಗಿ ಇದ್ದಳಂತೆ. ಅದೆಂಥ ಹೆಸರು ಅಂತೀಯಾ? ಅವಳಪ್ಪ ಅನಂತಪ್ಪ ಪಿಟೀಲು ವಿದ್ವಾಂಸ, ರಾಗದ ಹೆಸರನ್ನೇ ಮಗಳಿಗೆ ಇಟ್ಟಿದ್ದನಂತೆ. ತಾಯಿಲ್ಲದ ಕೂಸು, ಅಪ್ಪನ ಹತ್ರವೇ ಕಲಿತಳು. ಚಕ್ಕಳಮಕ್ಕಳ ಹಾಕಿ ಕೂತು ಕಮಾನು ಎಳೆದಳು ಅಂದ್ರೆ ಬೀದೀಲಿ ಹೋಗೋರು ನಿಂತು ಕೇಳೋರಂತೆ.

ಆಮೇಲೆ ಒಂದು ಸಲ ದೊಡ್ಡ ಸಭೇಲಿ ಪಿಟೀಲಿನವರಿಗೆ ಜ್ವರ ಬಂತು ಅಂತ ಇವಳನ್ನ ಕರೆಸಿದರಂತೆ. ಇವಳು ಶ್ರುತಿ ಮಾಡಿಕೊಂಡು ಕೂತಿದ್ದಾಳೆ, ಮೃದಂಗದ ವಿದ್ವಾಂಸರು ಬಂದರು, ನೋಡಿದರು, ಬಿಚ್ಚಿದ್ದ ಮೃದಂಗಕ್ಕೆ ಮತ್ತೆ ಗವಸು ಹಾಕಿಬಿಟ್ಟರು. ಹೆಂಗಸಿನ ಪಕ್ಕ ಕೂತು ನಾನು ಬಾರಿಸೋದಿಲ್ಲ ಅಂದರಂತೆ. ಅಪ್ಪ ಕೈ ಮುಗಿದು, ಒಂದೇ ಒಂದು ಕೀರ್ತನೆ ಕೇಳಿ ನೋಡಿ ಸ್ವಾಮೀ ಅಂದ. ಕೇಳೋಕೆ ಬಂದಿಲ್ಲಪ್ಪಾ ನಾನು, ಅಂದರಂತೆ ಅವರು. ಹಾಡೋರು ಸೂರು ನೋಡ್ತಾ ಕೂತರು. ಅಷ್ಟು ಜನರ ಮುಂದೆ ಆ ಹುಡುಗಿ ಪಿಟೀಲು ಎತ್ಕೊಂಡು ವೇದಿಕೆ ಇಳಿದು ಬಂದಳು. ಅಪ್ಪ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೋನು ಮತ್ತೆ ಸರಿಯಾಗಿ ಏಳಲೇ ಇಲ್ಲವಂತೆ. ದೀಪಾವಳಿ ಹೊತ್ತಿಗೆ ಹೋಗಿಬಿಟ್ಟ.

ಆಮೇಲೆ ಹೊಟ್ಟೆಪಾಡು ನೋಡಬೇಕಲ್ಲ, ಚಿನ್ನದ ಗಣಿ ಊರಿಗೆ ಹೋದಳಂತೆ. ಅಲ್ಲಿ ಬಿಳಿ ದೊರೆಗಳ ಕ್ಲಬ್ಬಿನಲ್ಲಿ ಜಾಜ್ ಅಂತ ಒಂದು ಥರದ ಸಂಗೀತ, ಕುಣಿಯೋಕೆ ನುಡಿಸೋದು. ಹಗಲು ಗಣಿಗಿಳಿದು ಸಂಜೆ ಕಹಳೆ ಊದೋ ಅಂತೋಣಿ ಅನ್ನೋನು ಇವಳನ್ನ ಬ್ಯಾಂಡಿಗೆ ಸೇರಿಸಿಕೊಂಡ. ನಿಂತ್ಕೊಂಡು, ಪಿಟೀಲನ್ನ ಗದ್ದಕ್ಕೆ ಒತ್ತಿಕೊಂಡು ನುಡಿಸಬೇಕು. ಕನಕಾಂಗಿ ಹೆದರಿ, ನಾನು ಯಾರ ಹಿಂದೆ ನುಡಿಸಲಿ ಅಂದಳಂತೆ. ಅಂತೋಣಿ ನಕ್ಕು, ಯಾರ ಹಿಂದೇನೂ ಬೇಡ, ನಾನೊಂದು ಮಾತು ಊದ್ತೀನಿ, ನೀನು ಜವಾಬು ಕೊಡು, ಅಷ್ಟೇ ಅಂದ. ಹಂಗೆ ಮಾತು ಜವಾಬು, ಮಾತು ಜವಾಬು ಆಗಿ, ಒಂದು ದಿನ ಮದುವೇನೂ ಆದರು. ಇವಳ ಕಡೆಯೋರು ಎಳ್ಳುನೀರು ಬಿಟ್ಟರಂತೆ, ಬದುಕಿದ್ದೋಳಿಗೆ!

ಆಮೇಲೆ, ಹೂಂಗುಡು ಮಗ, ಒಂದು ಬೆಳಗ್ಗೆ ಗಣಿಯೊಳಗೆ ಬಂಡೆ ಕುಸಿದು ಊರೇ ಅದುರಿತಂತೆ. ಅಂತೋಣಿ ಮೇಲಕ್ಕೆ ಬರಲಿಲ್ಲ. ಕೆಲವು ದಿನ ಬಿಟ್ಟು ಬ್ಯಾಂಡಿನೋರು ಬಾರಮ್ಮ ಅಂತ ಕರೆದರು. ಹೋದಳು, ನಿಂತಳು, ನುಡಿಸಿದಳು. ಅವನು ಕಹಳೆ ಎತ್ತೋ ಜಾಗ ಬಂತು. ಅಲ್ಲಿ ಏನೂ ಇಲ್ಲ. ಯಾವುದಕ್ಕೆ ಅಂತ ಜವಾಬು ಕೊಟ್ಟಾಳು? ಕಮಾನು ಇಳಿಸಿ ಹೊರಗೆ ಬಂದುಬಿಟ್ಟಳು.

ಉಳಿದಿದ್ದು ಒಂದೇ ಬಾಗಿಲು, ಹಳ್ಳೀಲಿದ್ದ ಅತ್ತೆ, ಅಂತೋಣಿಯ ತಾಯಿ ಮರಿಯವ್ವ. ಹಸೆ ಹಾಡು, ಬೀಸೋ ಪದ ಅಂದ್ರೆ ಮರಿಯವ್ವನೇ ಆಗಬೇಕು, ಅಂಥ ಗಂಟಲು. ಮಗ ಹೋದ ಮೇಲೆ ಹಾಡೋದನ್ನೇ ಬಿಟ್ಟಿದ್ದಳಂತೆ. ಸೊಸೆ ಕೈಯಲ್ಲಿ ಪಿಟೀಲು ನೋಡಿ, ಅದನ್ನ ಕೊಟ್ಟಿಗೇಲಿಡು, ಈ ಊದೋ ಬಾರಿಸೋ ಹುಚ್ಚಿಗೇ ನನ್ನ ಮಗ ಆ ಊರು ಸೇರಿದ್ದು ಅಂದಳು. ಇಟ್ಟಳು. ಇಬ್ಬರೂ ಒಂದೇ ಬೀಸೋಕಲ್ಲಿನ ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸೋರು, ಒಂದು ಮಾತಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಕನಕಾಂಗಿ ಸೊರಗಿ ಕಡ್ಡಿಯಾದಳು. ದಿನಾ ಮಧ್ಯಾಹ್ನ ಬಾವಿಕಟ್ಟೆ ಮೇಲೆ ಕೂತು ನೀರನ್ನೇ ನೋಡ್ತಾ ಇರೋಳಂತೆ.

ಒಂದು ದಿನ ಮರಿಯವ್ವ ಅದನ್ನ ಕಂಡಳು. ಓಡಿಬಂದು ಸೊಸೆ ರಟ್ಟೆ ಹಿಡಿದು, ಏಳೇ, ರಾಗಿ ಬೀಸಬೇಕು ಅಂದಳು. ರಾಗಿ ಬೆಳಗ್ಗೇನೇ ಬೀಸಿ ಆಗಿತ್ತು! ಆದ್ರೂ ಎಳ್ಕೊಂಡು ಬಂದು ಕೂರಿಸಿ, ಸೊಸೇನ ಹೆಂಗಾದರೂ ಹಿಡಿದಿಟ್ಟುಕೊಳ್ಳಬೇಕು ಅಂತ, ಒಡೆದ ಗಂಟಲಲ್ಲೇ ಹಾಡೋಕೆ ಶುರುಮಾಡಿದಳಂತೆ.

ಕಲ್ಲವ್ವ ನೀನು ಮೆಲ್ಲಗೆ ತಿರುಗವ್ವ
ಎಲ್ಲೋ ಮಲಗ್ಯಾನೆ ನನ ಕಂದ

ನನ ಕಂದ ಅನ್ನೋ ಹೊತ್ತಿಗೆ ದನಿ ಬಿದ್ದುಹೋಯಿತು. ಕಲ್ಲು ನಿಂತಿತು. ಕನಕಾಂಗಿ ಎದ್ದು ಕೊಟ್ಟಿಗೆಗೆ ಹೋಗಿ ಪಿಟೀಲು ತಂದಳು. ತಂತಿ ಎರಡೇ ಉಳಿದಿದ್ದವು. ಅತ್ತೆ ನಿಲ್ಲಿಸಿದ ಕಡೆಯಿಂದ ನುಡಿಸಿದಳು. ಮರಿಯವ್ವ ಗದರಿ, ಹಂಗಲ್ಲ ಕಣೇ, ಇದೇನು ಸಭೆಯಾ, ಸಿಂಗಾರ ಮಾಡಬೇಡ ಅಂದಳು. ಎರಡನೇ ಸಲ ನುಡಿಸಿದಳು. ಹಂಗೂ ಅಲ್ಲ, ಅಷ್ಟು ಓಡಬೇಡ, ಕಲ್ಲಿನ ಜೊತೆ ಬಾ ಅಂದಳು. ಮೂರನೇ ಸಲ ಕನಕಾಂಗಿ ಕಣ್ಣೀರು ಒರೆಸಿಕೊಳ್ಳದೆ ನುಡಿಸಿದಳು. ಈ ಸಲ ಮರಿಯವ್ವ ಸೊಸೆ ಮಂಡಿ ಮೇಲೆ ಕೈಯಿಟ್ಟು ಪದ ಮುಗಿಯೋವರೆಗೂ ಹಾಡಿದಳು. ಆಮೇಲೆ ಇಬ್ಬರೂ ತಬ್ಕೊಂಡು ಅತ್ತರು.

ದುಃಖ ಎಲ್ಲಿ ಹೋಗತ್ತೆ ಮಗ, ಅದೂ ಮನೇಲೇ ಇತ್ತು. ಒಲೆ ಹಚ್ಚದ ದಿನಗಳೂ ಇದ್ದವಂತೆ. ಆದರೆ ಆಮೇಲೆ ಸುತ್ತೂರಲ್ಲಿ ಮದುವೆ, ತೊಟ್ಟಿಲು ಶಾಸ್ತ್ರ ಎಲ್ಲೇ ಆಗಲಿ, ಅತ್ತೆ ಪದ ಹೇಳೋಳು, ಸೊಸೆ ಪಿಟೀಲು ನುಡಿಸೋಳು, ಹೆಂಗಸರೆಲ್ಲ ಅವರನ್ನ ನಡುವೆ ಕೂರಿಸಿಕೊಂಡು ದನಿಗೂಡಿಸೋರು. ಹಂಗೇ ಹಿಟ್ಟು ಉಂಡ್ಕೊಂಡು, ಒಬ್ಬರಿಗೊಬ್ಬರು ಆಗ್ಕೊಂಡು ತಣ್ಣಗಿದ್ದರಂತೆ. ಇಲ್ಲಿಗೆ ಅವರ ಕತೆ ಮುಗೀತು. ಹೂಂ ಅನ್ನೋದೇ ನಿಂತುಹೋಯ್ತಲ್ಲ, ನಿದ್ದೆ ಬಂತೇನೋ ಕಂದಂಗೆ.