ತಪ್ಪಿನ ಮಜ್ಜಿಗೆ

"ಗುರುಗಳೇ, ನನ್ನ ಆಸ್ಪತ್ರೆಯಲ್ಲಿ ದಾದಿಯರು ಯಾಕೆ ನಿಲ್ಲುವುದಿಲ್ಲ?" ಎಂದು ಶಿಷ್ಯ ಕೇಳಿದ.

ಅವನು ವೈದ್ಯ. ಪೇಟೆಯಲ್ಲಿ ಸ್ವಂತ ಆಸ್ಪತ್ರೆ ನಡೆಸುತ್ತಿದ್ದ. ಆ ದಿನ ಬೆಳಿಗ್ಗೆ ಇನ್ನೊಬ್ಬ ದಾದಿ ಬಿಟ್ಟು ಹೋಗಿದ್ದಳು.

"ಸಂಬಳ ತಡ ಮಾಡಿದವನಲ್ಲ. ಊಟ, ವಸತಿ ಎಲ್ಲ ಚೆನ್ನಾಗಿದೆ. ಕೆಲಸವೂ ಅಷ್ಟೇ ಚೊಕ್ಕ. ಇಷ್ಟು ಕಾಲದಲ್ಲಿ ಒಬ್ಬರಿಂದಲೂ ಒಂದು ತಪ್ಪು ನಡೆದದ್ದಿಲ್ಲ. ಆದರೂ ಯಾರ ಮುಖದಲ್ಲೂ ಗೆಲುವಿಲ್ಲ. ಒಬ್ಬೊಬ್ಬರೇ ಹೊರಟುಹೋಗುತ್ತಾರೆ."

"ಒಂದೂ ತಪ್ಪಿಲ್ಲವೇ?" ಎಂದರು ಗುರುಗಳು.

"ಒಂದೂ ಇಲ್ಲ."

"ಹಾಗಾದರೆ ಕೂತುಕೋ. ಒಂದು ಕತೆ ಇದೆ. ಅರ್ಧ ನಿಜ. ಯಾವ ಅರ್ಧ ಅಂತ ಮಾತ್ರ ಕೇಳಬೇಡ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಊರಿನ ಹೆಸರು ಬೇಡ. ಹೋದ ಸಲ ಈ ಕತೆ ಹೇಳುವಾಗ ಹೆಸರು ಹೇಳಿದ್ದೆ. ಆ ಊರಿನವರು ಬಂದು, ನಮ್ಮಲ್ಲಿ ಆಸ್ಪತ್ರೆಯೇ ಇಲ್ಲವಲ್ಲ ಸ್ವಾಮಿ, ಕಟ್ಟಿಸಿಕೊಡಿ ಎಂದು ಗಂಟುಬಿದ್ದರು.

ಆ ಆಸ್ಪತ್ರೆಯಲ್ಲಿ ಕೆಲವರು ದಾದಿಯರಿದ್ದರು. ಬೆಳಗಿನ ಪಾಳಿಯವರು ಮಧ್ಯಾಹ್ನ ಬಿಡುತ್ತಿದ್ದರು. ಮಧ್ಯಾಹ್ನದವರು ಬಂದು ಹಿಡಿಯುತ್ತಿದ್ದರು. ಪಾಳಿ ಬದಲಾಗುವಾಗ ಎಲ್ಲರೂ ಹಿತ್ತಲಿನ ಜಗುಲಿಯಲ್ಲಿ ಒಂದು ಗಳಿಗೆ ಕೂರುವುದು ರೂಢಿ. ಅಲ್ಲಿ ಒಂದು ಮಜ್ಜಿಗೆಯ ಗಡಿಗೆ ಇರುತ್ತಿತ್ತು.

ಆ ಮಜ್ಜಿಗೆಗೆ ಒಂದು ಕಟ್ಟಳೆಯಿತ್ತು. ಆ ಪಾಳಿಯಲ್ಲಿ ಯಾರ ಕೈ ತಪ್ಪಿತೋ ಅವಳೇ ಎಲ್ಲರಿಗೂ ಬಡಿಸಬೇಕು. ಬಡಿಸುತ್ತಾ ತನ್ನ ತಪ್ಪನ್ನು ಹೇಳಬೇಕು. ಹೇಳಿ ಮುಗಿಯುವವರೆಗೆ ಯಾರೂ ಲೋಟ ಬಾಯಿಗಿಡುವಂತಿಲ್ಲ. ತಪ್ಪು ನಡೆಯದ ದಿನ ಮಜ್ಜಿಗೆಯೂ ಇಲ್ಲ. ಬೇಸಗೆಯಲ್ಲಿ ಕೆಲವರು ಮಾಡದ ತಪ್ಪನ್ನೂ ಹುಟ್ಟಿಸಿ ಹೇಳುತ್ತಿದ್ದರಂತೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಒಂದು ದಿನ ಒಬ್ಬಳು ಸೌಟು ಹಿಡಿದು ನಿಂತಳು.

"ಹರಳೆಣ್ಣೆ ಕೊಡಬೇಕಾದವನಿಗೆ ಕೆಮ್ಮಿನ ಕಷಾಯ ಕೊಟ್ಟೆ ಕಣ್ರೇ. ಕೆಮ್ಮಿನವನಿಗೆ ಹರಳೆಣ್ಣೆ."

"ಅಯ್ಯೋ ನಿನ್ನ! ಅವನು ಏನಾದ?"

"ಏನಾಗ್ತಾನೆ? ಬಂದಾಗಿನಿಂದ ಮಂಚ ಬಿಟ್ಟು ಇಳಿದಿರಲಿಲ್ಲ. ಈಗ ಹಿತ್ತಲಿಗೂ ಮಂಚಕ್ಕೂ ಓಡಾಡ್ತಾ ಇದ್ದಾನೆ."

"ಕೆಮ್ಮು?"

"ಕೆಮ್ಮೋಕೆ ಹೆದರ್ತಾನೆ ಅಕ್ಕಾ."

ಜಗುಲಿಯ ಮೇಲೆ ನಗು ಎದ್ದಿತು. ನಗು ಇಳಿದ ಮೇಲೆ ಹಿರಿಯ ದಾದಿ ಕೇಳಿದಳು, "ಎರಡು ಸೀಸೆಯೂ ಒಂದೇ ಬಣ್ಣ ಅಲ್ವೇನೇ?" ಅಂದೇ ಹರಳೆಣ್ಣೆ ಸೀಸೆಯ ಕೊರಳಿಗೆ ಕೆಂಪು ದಾರ ಕಟ್ಟಿದರು. ಆ ತಪ್ಪು ಮತ್ತೆ ಆಗಲಿಲ್ಲ.

ಆ ಆಸ್ಪತ್ರೆಯ ಪದ್ಧತಿಗಳೆಲ್ಲ ಹೀಗೆ ಹುಟ್ಟಿದವು. ರೋಗಿಗೆ ಮದ್ದು ಕುಡಿಸಿದ ಮೇಲೆ ಬಟ್ಟಲನ್ನು ತಲೆದೆಸೆಯಲ್ಲಿ ಬೋರಲು ಹಾಕಬೇಕು ಎಂಬುದೂ ಯಾರದೋ ಒಂದು ದಿನದ ಮಜ್ಜಿಗೆಯೇ. ಬಟ್ಟಲು ಬೋರಲಾಗಿದ್ದರೆ ಮದ್ದು ಕೊಟ್ಟಾಗಿದೆ. ನೆಟ್ಟಗಿದ್ದರೆ ಕೊಡಬೇಕು. ಕೇಳುವ ಕೆಲಸವಿಲ್ಲ.

ಹೀಗಿರುವಾಗ ಆಸ್ಪತ್ರೆಯ ಆಡಳಿತ ನೋಡಿಕೊಳ್ಳಲು ಹೊಸ ಪಾರುಪತ್ಯಗಾರ ಬಂದ. ಕೆಟ್ಟವನಲ್ಲ. ರೋಗಿಗಳೆಂದರೆ ಅವನಿಗೆ ಕರುಳು ಮಿಡಿಯುತ್ತಿತ್ತು. ಒಂದು ಮಧ್ಯಾಹ್ನ ನಗು ಕೇಳಿ ಹಿತ್ತಲಿಗೆ ಬಂದ. ಯಾಕೆ ನಗುತ್ತೀರಿ ಎಂದು ಕೇಳಿದ. ಹೇಳಿದರು. ಅವನ ಮುಖ ಬಿಳಿಚಿಕೊಂಡಿತು.

"ರೋಗಿಗೆ ಮಾಡಬಾರದ್ದು ಮಾಡಿ, ಕೂತು ನಗುತ್ತೀರಾ? ಇವತ್ತು ಮಾಡಿದವರು ಯಾರು?"

ಅಂದು ಸೌಟು ಇದ್ದದ್ದು ಹೊಸದಾಗಿ ಸೇರಿದ್ದ ಹುಡುಗಿಯ ಕೈಯಲ್ಲಿ. ಗಾಯಕ್ಕೆ ಕಟ್ಟಿದ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಲು ಮರೆತಿದ್ದಳು. ಮರೆತದ್ದು ನೆನಪಾದ ಕೂಡಲೇ ಬದಲಿಸಿದ್ದಳು. ಅವಳು ಸೌಟು ಎತ್ತಿ ತೋರಿಸಿದಳು.

"ನಾನೇ ಸ್ವಾಮಿ. ನಿಮಗೂ ಒಂದು ಲೋಟ ಹಾಕಲಾ?"

ಪಾರುಪತ್ಯಗಾರ ಅವಳನ್ನು ಅಲ್ಲಿಂದಲೇ ಮನೆಗೆ ಕಳಿಸಿದ. ಇನ್ನು ಮುಂದೆ ತಪ್ಪು ಮಾಡಿದವರಿಗೆಲ್ಲ ಇದೇ ದಾರಿ ಎಂದ. ಹುಡುಗಿ ಗೇಟಿನವರೆಗೆ ಹೋದಳು. ಸೌಟು ಇನ್ನೂ ಕೈಯಲ್ಲೇ ಇತ್ತು. ತಿರುಗಿ ಬಂದು, ಅದನ್ನು ತೊಳೆದು, ಗಡಿಗೆಯ ಪಕ್ಕ ಇಟ್ಟು ಹೋದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ.

ಹಿರಿಯ ದಾದಿ ಮಾತ್ರ ಪಾರುಪತ್ಯಗಾರನ ಕೋಣೆಗೆ ಹೋದಳು.

"ಸ್ವಾಮಿ, ತಪ್ಪು ಮಾಡದ ದಾದಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ತಪ್ಪನ್ನು ಹೇಳದವರನ್ನು ಕಂಡಿದ್ದೇನೆ."

"ಇನ್ನು ಮೇಲೆ ಮಾಡದವರನ್ನು ಕಾಣುತ್ತೀರಮ್ಮ," ಎಂದ ಅವನು, ಸಮಾಧಾನದಿಂದಲೇ.

ಅವನ ಮಾತು ನಿಜವಾಯಿತು. ಮಾರನೆಯ ದಿನದಿಂದ ಆ ಆಸ್ಪತ್ರೆಯಲ್ಲಿ ತಪ್ಪುಗಳೇ ನಡೆಯಲಿಲ್ಲ. ಸೀಸೆ ಒಡೆದರೆ ಚೂರುಗಳು ಸೆರಗಿನ ಗಂಟಿನಲ್ಲಿ ಹೊರಗೆ ಹೋಗುತ್ತಿದ್ದವು. ಮದ್ದು ಚೆಲ್ಲಿದರೆ ನೆಲ ಮಾತ್ರ ಬಲ್ಲದು. ಹರಳೆಣ್ಣೆ ಸೀಸೆಯ ದಾರ ಒಂದು ದಿನ ಹರಿದು ಬಿತ್ತು. ಮತ್ತೆ ಯಾರೂ ಕಟ್ಟಲಿಲ್ಲ. ಕಟ್ಟಲು ಹೋದರೆ ಯಾಕೆ ಎಂದು ಯಾರಾದರೂ ಕೇಳಿಯಾರು.

ಜಗುಲಿ ಖಾಲಿಯಾಯಿತು. ಪಾಳಿ ಬದಲಾಗುವಾಗ ಒಬ್ಬಳು ಬೀಗದ ಕೈ ಕೊಡುತ್ತಿದ್ದಳು, ಇನ್ನೊಬ್ಬಳು ತೆಗೆದುಕೊಳ್ಳುತ್ತಿದ್ದಳು. ಅಷ್ಟೇ. ನೋಡಲು ಬಂದವರಿಗೆ ಪಾರುಪತ್ಯಗಾರ ಹೇಳುತ್ತಿದ್ದ, "ಎಷ್ಟು ನಿಶ್ಶಬ್ದ ನೋಡಿ." ಬಂದವರು ಮೆಚ್ಚಿ ತಲೆಯಾಡಿಸುತ್ತಿದ್ದರು. ಹಬ್ಬಕ್ಕೆ ಎಲ್ಲ ದಾದಿಯರಿಗೂ ಸೀರೆ ಕೊಡಿಸಿದ. ಎಲ್ಲವೂ ಒಂದೇ ಅಂಚಿನವು. ತೆಗೆದುಕೊಂಡರು. ಯಾರೂ ಬಿಚ್ಚಿ ನೋಡಲಿಲ್ಲ.

ಆಗ ಅಲ್ಲಿ ಒಬ್ಬ ಬಳೆಗಾರ್ತಿ ಸೇರಿದ್ದಳು. ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದಿತ್ತು. ನೋವು ತಡೆಯಲು ಅವಳಿಗೆ ನಿದ್ದೆಯ ಮದ್ದು ಕೊಡುತ್ತಿದ್ದರು. ಒಂದು ಬಟ್ಟಲು ಕುಡಿದರೆ ನೋವು ಮರೆತು ಮಲಗುವ ಮದ್ದು ಅದು. ಮೇಲಿಂದ ಮೇಲೆ ಇನ್ನೊಂದು ಕುಡಿದರೆ ಏಳಿಸುವುದು ಕಷ್ಟ. ಹುಷಾರಾಗುತ್ತಿದ್ದಳು. ಮನೆಗೆ ಹೋಗುವ ಮಾತು ಶುರುವಾಗಿತ್ತು.

ಆ ಆಸ್ಪತ್ರೆಯಲ್ಲಿ ಈಗ ಬಾಯಿಬಿಟ್ಟು ಮಾತಾಡುತ್ತಿದ್ದವಳು ಅವಳೊಬ್ಬಳೇ. ದಾದಿಯರು ಕೆಲಸದ ಹೊತ್ತಿನಲ್ಲಿ ಬಳೆ ತೊಡುವಂತಿರಲಿಲ್ಲ. ಅದನ್ನು ಅವಳು ಸಹಿಸುತ್ತಿರಲಿಲ್ಲ.

"ಬರಿಗೈಲಿ ಮದ್ದು ಕೊಡ್ತೀರಲ್ರೇ, ಗಂಟಲಲ್ಲಿ ಇಳಿಯುತ್ತಾ ಅದು? ತಾಳಿ, ನನ್ನ ಸೊಂಟ ನೆಟ್ಟಗಾಗಲಿ. ಒಬ್ಬೊಬ್ಬಳ ಕೈಗೂ ಮೊಣಕೈವರೆಗೆ ತೊಡಿಸ್ತೀನಿ. ಆಮೇಲೆ ನಿಮ್ಮ ಯಜಮಾನರು ಅದನ್ನ ಹೇಗೆ ಬಿಚ್ಚಿಸ್ತಾರೋ ನೋಡೋಣ."

ಅವಳು ಎಲ್ಲ ದಾದಿಯರನ್ನೂ 'ಬರಿಗೈ' ಎಂದೇ ಕರೆಯುತ್ತಿದ್ದಳು. ಮದ್ದು ತಂದವರಿಗೆಲ್ಲ, "ಬಂದೆಯಾ ಬರಿಗೈ?" ಎನ್ನುತ್ತಿದ್ದಳು.

ಒಂದು ದಿನ ಬೆಳಗಿನ ಪಾಳಿಯ ಕೊನೆಯಲ್ಲಿ ಒಬ್ಬ ದಾದಿ ಅವಳಿಗೆ ಮದ್ದು ಕುಡಿಸಿದಳು. ಬಟ್ಟಲನ್ನು ತಲೆದೆಸೆಯಲ್ಲಿ ಇಟ್ಟಳು. ಬೋರಲು ಹಾಕಬೇಕು ಅನ್ನುವಷ್ಟರಲ್ಲಿ ಪಕ್ಕದ ಮಂಚದವನು ವಾಂತಿ ಮಾಡಿಕೊಂಡ. ಅತ್ತ ಓಡಿದಳು. ಅವನ ಬೆನ್ನು ಸವರಿ, ಬಾಯಿ ತೊಳೆಸಿ, ನೆಲ ಒರೆಸಿ ಏಳುವ ಹೊತ್ತಿಗೆ ಪಾಳಿ ಮುಗಿದಿತ್ತು. ಬೀಗದ ಕೈ ಕೊಟ್ಟಳು. ಹೊರಟಳು.

ಕೆರೆಯ ಏರಿಯ ಮೇಲೆ ನಡೆಯುವಾಗ ಅವಳಿಗೆ ಬಟ್ಟಲು ನೆನಪಾಯಿತು.

ನಿಂತಳು. ತಿರುಗಿ ನೋಡಿದಳು. ಆಸ್ಪತ್ರೆಯ ಹಂಚು ಕಾಣುತ್ತಿತ್ತು. ಹಿಂದೆಯಾಗಿದ್ದರೆ ಗೇಟಿನಿಂದಲೇ ಕೂಗುತ್ತಿದ್ದಳು, "ಅಕ್ಕಾ, ಬಳೆಗಾರ್ತಿಗೆ ಕೊಟ್ಟಾಗಿದೆ, ಬಟ್ಟಲು ಮಗುಚೋದು ಮರೆತೆ!" ಒಳಗಿನಿಂದ ಯಾರಾದರೂ, "ನಾಳೆ ಮಜ್ಜಿಗೆ ಗಟ್ಟಿಯಾಗಿರಲಿ ಕಣೇ!" ಎಂದು ಕೂಗುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು.

ಈಗ ಅವಳ ಕಣ್ಣಿಗೆ ಕಂಡದ್ದು ಸೌಟು ತೊಳೆದಿಟ್ಟು ಹೋದ ಹುಡುಗಿ. ಮನೆಯಲ್ಲಿ ಇವಳ ದುಡಿಮೆಯೊಂದೇ. ಕಾಯಿಲೆಯ ಗಂಡ, ಶಾಲೆಗೆ ಹೋಗುವ ಮಕ್ಕಳು. ಮಧ್ಯಾಹ್ನದ ದಾದಿ ಚುರುಕಿನವಳು, ಕೇಳದೆ ಕೊಡುವವಳಲ್ಲ ಎಂದುಕೊಂಡಳು. ಬಳೆಗಾರ್ತಿಯ ಬಾಯಿ ಸುಮ್ಮನಿರುತ್ತದೆಯೇ, ಅವಳೇ ಹೇಳುತ್ತಾಳೆ ಎಂದುಕೊಂಡಳು.

ಈ ಕತೆಯನ್ನು ಮಕ್ಕಳಿಗೆ ಹೇಳುವಾಗ ಇಲ್ಲಿ ನಾನು ಒಂದು ಸುಳ್ಳು ಹೇಳುತ್ತೇನೆ. ಅವಳು ಸೆರಗು ಸಿಕ್ಕಿಸಿಕೊಂಡು ಓಡೋಡಿ ಹಿಂದಕ್ಕೆ ಬಂದಳು ಎನ್ನುತ್ತೇನೆ. ಮಕ್ಕಳು ಖುಷಿಯಾಗಿ ಮಲಗುತ್ತವೆ. ನೀನು ದೊಡ್ಡವನು.

ಅವಳು ಮನೆಗೆ ಹೋದಳು.

ಇತ್ತ ಮಧ್ಯಾಹ್ನದ ದಾದಿ ಮಂಚದ ಬಳಿಗೆ ಬಂದಳು. ಬಟ್ಟಲು ನೆಟ್ಟಗಿತ್ತು. ಬಳೆಗಾರ್ತಿ ಆಗಲೇ ತೂಕಡಿಸುತ್ತಿದ್ದಳು. ದಾದಿಗೆ ಒಂದು ಅನುಮಾನ ಬಂತು. ಯಾರನ್ನಾದರೂ ಕೇಳೋಣ ಎಂದು ಬಾಗಿಲ ಕಡೆ ನೋಡಿದಳು. ಕೇಳಿದರೆ ಬೆಳಗಿನವಳ ಮೇಲೆ ಬೊಟ್ಟು ಮಾಡಿದಂತೆ. ಅವಳ ಕೆಲಸ ಹೋಗುತ್ತದೆ. ಕೇಳದೆ, ಕೊಡದೆ ಬಿಟ್ಟರೆ, ನೋವಿನಲ್ಲಿ ಬಳೆಗಾರ್ತಿ ಕೂಗುವುದು ಕೇಳಿ ಪಾರುಪತ್ಯಗಾರ ಬರುತ್ತಾನೆ. ತನ್ನ ಕೆಲಸ ಹೋಗುತ್ತದೆ. ಬಟ್ಟಲು ಹೇಳಿದಂತೆ ಮಾಡಿದರೆ ಯಾರೂ ತನ್ನನ್ನು ಕೇಳುವಂತಿಲ್ಲ.

ಮದ್ದು ಸುರಿದು, ಬಳೆಗಾರ್ತಿಯ ತಲೆ ಎತ್ತಿ ಹಿಡಿದಳು.

"ಮತ್ತೆ ಬಂದೆಯಾ ಬರಿಗೈ?" ಎಂದಳು ಬಳೆಗಾರ್ತಿ, ಕಣ್ಣು ತೆರೆಯದೆ. ಕುಡಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಮೈ ತಣ್ಣಗಾಗಿತ್ತು.

ಪಾರುಪತ್ಯಗಾರ ಬಂದು ನೋಡಿದ. ವಯಸ್ಸಾಗಿತ್ತು, ಮೂಳೆ ಮುರಿದ ಮೈ ಎಷ್ಟು ತಾಳೀತು ಎಂದ. ಹೌದೆಂದರು ಎಲ್ಲರೂ. ಅವನಿಗೆ ನಿಜಕ್ಕೂ ದುಃಖವಾಗಿತ್ತು. ಮಣ್ಣಿಗೂ ಹೋಗಿ ಬಂದ.

ಮಾರನೆಯ ದಿನ ಬೆಳಗಿನ ಪಾಳಿಯ ಆ ದಾದಿ ಕೆಲಸಕ್ಕೆ ಬಂದಳು. ಮಂಚ ಖಾಲಿಯಿತ್ತು. ತಲೆದೆಸೆಯಲ್ಲಿ ಬಟ್ಟಲು ಇತ್ತು. ತೊಳೆದು, ಬೋರಲು ಹಾಕಿ, ಅಚ್ಚುಕಟ್ಟಾಗಿ ಇಟ್ಟಿದ್ದರು.

ಮಧ್ಯಾಹ್ನ ಬೀಗದ ಕೈ ಕೊಡುವಾಗ ಇಬ್ಬರ ಬೆರಳುಗಳೂ ತಾಗಿದವು. ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬಳಿಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಒಬ್ಬಳು ಒಂದು ಮಾತು ಆಡಿದ್ದರೆ ಇನ್ನೊಬ್ಬಳು ಅವಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಆಡಲಿಲ್ಲ. ಬೀಗದ ಕೈ ಕೈ ಬದಲಾಯಿತು.

ಮಧ್ಯಾಹ್ನದವಳು ಮುಂದಿನ ಹಬ್ಬದವರೆಗೂ ನಿಲ್ಲಲಿಲ್ಲ. ಕಾಲುನೋವು ಎಂದು ಹೇಳಿ ಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಅತ್ತೆಗೆ ಹುಷಾರಿಲ್ಲ ಎಂದಳು. ಮತ್ತೊಬ್ಬಳು, ದಾರಿ ದೂರ ಎಂದಳು. ಅವಳ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿತ್ತು. ಪಾರುಪತ್ಯಗಾರ ಸಂಬಳ ಹೆಚ್ಚಿಸಿದ. ಊಟಕ್ಕೆ ಪಾಯಸ ಸೇರಿಸಿದ. ಇವರಿಗೆ ಏನು ಕಡಿಮೆ ಮಾಡಿದ್ದೇನೆ ಎಂದು ಒಬ್ಬನೇ ಕೂತು ಕೊರಗಿದ.

ಬೆಳಗಿನವಳು ಮಾತ್ರ ಬಿಡಲಿಲ್ಲ. ತಲೆ ನರೆಯುವವರೆಗೆ ಅಲ್ಲೇ ಇದ್ದಳು. ಮದ್ದು ಕುಡಿಸಿ ಬಟ್ಟಲು ಬೋರಲು ಹಾಕುತ್ತಿದ್ದಳು. ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಮುಟ್ಟಿ ನೋಡುತ್ತಿದ್ದಳು. ಮತ್ತೆ ಬಂದು ಮುಟ್ಟುತ್ತಿದ್ದಳು. ಇಂಥ ಶ್ರದ್ಧೆಯ ದಾದಿ ಎಲ್ಲೂ ಸಿಗುವುದಿಲ್ಲ ಎಂದು ಪಾರುಪತ್ಯಗಾರ ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದ. ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಎಷ್ಟು ವಿನಯ ನೋಡಿ ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ, "ಅವಳು ಹಿಂದಿರುಗಬೇಕಿತ್ತು ಗುರುಗಳೇ. ಒಂದು ಜೀವ ಉಳಿಯುತ್ತಿತ್ತು. ತಪ್ಪಾಯಿತು ಎಂದು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು."

"ಬೇಕಿತ್ತು," ಎಂದರು ಗುರುಗಳು. "ನಿನ್ನ ಬಾಗಿಲಿಗೆ ಬಂದು ಹೇಳಿದ್ದರೆ, ನೀನು ಅವಳನ್ನು ಏನು ಮಾಡುತ್ತಿದ್ದೆ?"